ಎರಡು ಚುಕ್ಕಿ ಕಡಿಮೆ

ಅವರಿಗೆ ಹುಬ್ಬು ಇರಲಿಲ್ಲ. ಮೂವತ್ತು ವರ್ಷ ಭಟ್ಟಿಯ ಮುಂದೆ ನಿಂತವರ ಹುಬ್ಬನ್ನು ಬೆಂಕಿ ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಬಂದದ್ದೂ ತಿಳಿಯದು, ನಗು ಬಂದದ್ದೂ ತಿಳಿಯದು. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಇವರು ಸದಾ ನನ್ನ ಮೇಲೆ ಸಿಟ್ಟಾಗಿಯೇ ಇರುತ್ತಾರೆ ಅಂದುಕೊಂಡು, ಅವರ ಎದುರಿಗೆ ಬೀಳದೆ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದೆ. ಅವರು ಅದನ್ನು ನೋಡಿ ಒಳಗೊಳಗೇ ನಗುತ್ತಿದ್ದರಂತೆ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದಕ್ಕೆ ಬೇಡ ಅಂದರು. ಹೆಸರು ಅಚ್ಚಾದರೆ ಮನೆಯಾಕೆ ಬಂದವರಿಗೆಲ್ಲ ಓದಿಸಿ ಓದಿಸಿ ತಲೆ ತಿನ್ನುತ್ತಾಳೆ ಎನ್ನುವುದು ಅವರ ಹೆದರಿಕೆ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ. ನನಗೆ ಮೊದಲು ಮೇಸ್ತ್ರಿ, ಆಮೇಲೆ ಕಾಕಾ.

ಸಿಂಧನೂರಿನಿಂದ ಮಸ್ಕಿ ಕಡೆಗೆ ಹೋಗುವ ರಸ್ತೆಯ ಮೇಲೆ ನಮ್ಮ ಕಾರ್ಖಾನೆ. ಹಳೆಯ ಉಕ್ಕಿನ ತುಂಡುಗಳನ್ನು ಭಟ್ಟಿಯಲ್ಲಿ ಕರಗಿಸಿ, ಉಸುಕಿನ ಅಚ್ಚಿಗೆ ಸುರಿದು, ಯಂತ್ರದ ಬಿಡಿಭಾಗ ಮಾಡುತ್ತೇವೆ. ಕಲ್ಲು ಒಡೆಯುವ ಕ್ರಷರ್‌ಗಳಿಗೆ ದಪ್ಪ ದಪ್ಪ ಹಲಗೆ, ಭತ್ತ ಕೊಯ್ಯುವ ಮಷಿನ್ನಿನ ಚೈನಿಗೆ ತೆಳ್ಳನೆಯ ಕೊಂಡಿ. ದಪ್ಪದ್ದನ್ನು ಸುರಿಯುವುದು ಕಷ್ಟವಲ್ಲ, ಉಕ್ಕು ತಾನಾಗಿಯೇ ತುಂಬಿಕೊಳ್ಳುತ್ತದೆ. ತೆಳ್ಳನೆಯದಕ್ಕೆ ಹಾಗಲ್ಲ. ಉಕ್ಕು ಅಚ್ಚಿನ ಕೊನೆಯ ಮೂಲೆಯವರೆಗೂ ಓಡಬೇಕು. ದಾರಿಯಲ್ಲೇ ಗಟ್ಟಿಯಾಗಿಬಿಟ್ಟರೆ ಮೂಲೆ ಮೊಂಡಾಗುತ್ತದೆ, ಇಲ್ಲವೇ ಎರಡು ಕಡೆಯಿಂದ ಬಂದ ಉಕ್ಕು ನಡುವೆ ಸೇರಿದರೂ ಒಂದಾಗದೆ ಕೂದಲಿನಂಥ ಗೆರೆ ಉಳಿಯುತ್ತದೆ. ಅಂಥ ಕೊಂಡಿ ಹಾಕಿಕೊಂಡು ಗದ್ದೆಗಿಳಿದ ಮಷಿನ್ನು ಕೆಸರಿನಲ್ಲಿ ಅಲ್ಲೇ ಕೂತುಬಿಡುತ್ತದೆ.

ಅದಕ್ಕೇ ಚಕ್ಕಲಿ. ಸುರಿಯುವ ಮೊದಲು ಉಕ್ಕು ಎಷ್ಟು ಚೆನ್ನಾಗಿ ಹರಿಯುತ್ತದೆ ಎಂದು ನೋಡುವ ಪರೀಕ್ಷೆಗೆ ನಮ್ಮ ಕಾರ್ಖಾನೆಯವರು ಇಟ್ಟ ಹೆಸರು. ಸುರುಳಿ ಸುರುಳಿಯಾದ ಸಣ್ಣ ಕಾಲುವೆ ಇರುವ ಒಂದು ಉಸುಕಿನ ಅಚ್ಚು. ಕಾಲುವೆಯ ಉದ್ದಕ್ಕೂ ಎರಡೆರಡು ಇಂಚಿಗೆ ಒಂದು ಚುಕ್ಕಿ. ಭಟ್ಟಿಯಿಂದ ಒಂದು ಸೌಟು ಉಕ್ಕು ತೆಗೆದು ಅದರ ನಡುವೆ ಸುರಿದರೆ, ಅದು ಸುತ್ತುತ್ತಾ ಸುತ್ತುತ್ತಾ ಓಡಿ, ಆರಿದಲ್ಲಿ ನಿಲ್ಲುತ್ತದೆ. ಅಚ್ಚು ಒಡೆದು ಚುಕ್ಕಿ ಎಣಿಸಬೇಕು. ತೆಳ್ಳನೆಯ ಕೊಂಡಿಗೆ ಹದಿನೆಂಟು ಚುಕ್ಕಿ ಓಡಿರಬೇಕು. ಅದಕ್ಕೆ ಕಡಿಮೆಯಾದರೆ ಸುರಿಯುವಂತಿಲ್ಲ, ಭಟ್ಟಿಯ ಉಕ್ಕನ್ನು ಮತ್ತೆ ಹದ ಮಾಡಬೇಕು. ಮೇಸ್ತ್ರಿ ಕಣ್ಣಿನಿಂದ ಎಣಿಸುತ್ತಿರಲಿಲ್ಲ. ಇನ್ನೂ ಬಿಸಿಯಿರುವ ಸುರುಳಿಯ ಮೇಲೆ ದಪ್ಪ ಚರ್ಮದ ಹೆಬ್ಬೆರಳು ಆಡಿಸಿ, ಕಣ್ಣು ಬೇರೆ ಎಲ್ಲೋ ಇಟ್ಟುಕೊಂಡು, ಲೆಕ್ಕ ಹೇಳುತ್ತಿದ್ದರು. ನಾನು ಅನುಮಾನಪಟ್ಟು ಎಷ್ಟೋ ಸಲ ಮತ್ತೆ ಎಣಿಸಿದ್ದೇನೆ. ಒಮ್ಮೆಯೂ ತಪ್ಪಿರಲಿಲ್ಲ.

ಅವರು ಸಾಲಗುಂದದವರು. ಚಿಕ್ಕಂದಿನಲ್ಲಿ ಕುರಿ ಕಾದವರು. ಆಮೇಲೆ ಯಾರದೋ ಬೆನ್ನು ಹತ್ತಿ ಬೆಳಗಾವಿ ಕಡೆಗೆ ಹೋಗಿ, ಎರಕದ ಕೆಲಸ ಕಲಿತು ಬಂದವರು. ಆದರೆ ಕುರಿ ಅವರ ಮಾತನ್ನು ಬಿಟ್ಟಿರಲಿಲ್ಲ. ಉಕ್ಕು ಯಾಕೆ ನಡುದಾರಿಯಲ್ಲಿ ನಿಲ್ಲುತ್ತದೆ ಎಂದು ನಾನು ಪುಸ್ತಕದಲ್ಲಿ ಎರಡು ಪುಟ ಓದಿದ್ದೆ. ಅವರು ಒಂದೇ ಮಾತಿನಲ್ಲಿ ಹೇಳಿದ್ದರು. "ಮುಂದಿನ ಕುರಿ ನಿಂತ್ರ ಹಿಂದಿನವೆಲ್ಲಾ ನಿಂತಾವ ತಂಗಿ. ಮುಂದಿಂದಕ್ಕ ದಾರಿ ಬೆಚ್ಚಗಿರಬೇಕು, ಅಷ್ಟ." ಪುಸ್ತಕದ ಎರಡು ಪುಟದಲ್ಲಿ ಇದ್ದದ್ದೂ ಇದೇ.

ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಚಹಾ ಕುಡಿಯುತ್ತಿರಲಿಲ್ಲ, ಒಂದು ದೊಡ್ಡ ಬಾಟಲಿ ತುಂಬ ಮಜ್ಜಿಗೆ ತರುತ್ತಿದ್ದರು. ಊಟಕ್ಕೆ ಕೂತಾಗ ಯಾರಾದರೂ ಭಟ್ಟಿಯ ವಿಷಯ ತೆಗೆದರೆ ರೊಟ್ಟಿ ಕೆಳಗಿಟ್ಟುಬಿಡುತ್ತಿದ್ದರು. ಉಣ್ಣುವಾಗ ಉಕ್ಕಿನ ಮಾತು, ಉಕ್ಕಿನ ಮುಂದೆ ಊಟದ ಮಾತು ಎರಡೂ ಕೂಡದು ಎನ್ನುವುದು ಅವರ ಕಾಯಿದೆ. ಎರಡನೆಯದನ್ನು ಅವರೇ ದಿನವೂ ಮುರಿಯುತ್ತಿದ್ದರು.

ಒಮ್ಮೆ ಸಾವ್ಕಾರರು, ಅಂದರೆ ಕಾರ್ಖಾನೆಯ ಮಾಲೀಕರು, ಈ ಚಕ್ಕಲಿಗೆ ಪ್ರತಿ ಸಲ ಎಂಟು ನಿಮಿಷ ಹೋಗುತ್ತದೆ, ಈಗ ಉಷ್ಣತೆ ಅಳೆಯುವ ಕೋಲು ಬಂದಿದೆ, ಲ್ಯಾಬಿನಲ್ಲಿ ಓದಿದ ಹುಡುಗಿ ಇದ್ದಾಳೆ, ಇನ್ನು ಇದನ್ನು ಬಿಟ್ಟುಬಿಡೋಣ ಅಂದರು. ಇವರು ಆಗಲಿ ಅಂದರು. ಆಮೇಲೆ ಬಹಳ ವಿನಯದಿಂದ, ನಿಮ್ಮ ಮನೆಯಲ್ಲಿ ಸಾರಿನ ಉಪ್ಪು ನೋಡದೆಯೇ ಬೀಗರಿಗೆ ಬಡಿಸುತ್ತೀರೇನು ಎಂದು ಕೇಳಿದರು. ಸಾವ್ಕಾರರ ಮಗಳ ಮದುವೆ ಆಗಿ ಇನ್ನೂ ತಿಂಗಳಾಗಿರಲಿಲ್ಲ. ಚಕ್ಕಲಿ ಉಳಿಯಿತು.

ಅದೇ ಸಾವ್ಕಾರರು ಒಂದು ಒಳ್ಳೆಯ ಚಕ್ಕಲಿಗೆ ಪಾಲಿಶ್ ಮಾಡಿಸಿ ಆಫೀಸಿನ ಗಾಜಿನ ಬೀರುವಿನಲ್ಲಿ ಇಡಬೇಕು ಅಂದಾಗಲೂ ಇವರು ಒಪ್ಪಲಿಲ್ಲ. ಎಣಿಸಿದ ಮೇಲೆ ಚಕ್ಕಲಿ ಮರಳಿ ಭಟ್ಟಿಗೇ ಹೋಗಬೇಕು, ಹೊರಗೆ ಹೋಗಬಾರದು. ಇವತ್ತು ಚೆನ್ನಾಗಿ ಹರಿದದ್ದನ್ನು ಮೆರೆಸಿದರೆ ನಾಳಿನದು ಹೇಗೆ ಹರಿಯುತ್ತದೆ ಎಂದು ಅದೇನು ಹೇಳುತ್ತದೆ ಎನ್ನುವುದು ಅವರ ವಾದ. ಬೀರುವಿನಲ್ಲಿ ಈಗಲೂ ಪ್ಲಾಸ್ಟಿಕ್ ಹೂವೇ ಇದೆ.

ಇನ್ನು ನನ್ನ ವಿಷಯ. ನಾನು ಬಿ.ಎಸ್ಸಿ. ಕೆಮಿಸ್ಟ್ರಿ ಓದಿ ಈ ಕಾರ್ಖಾನೆಯ ಲ್ಯಾಬಿಗೆ ಸೇರಿದವಳು. ಅಪ್ಪ ಸಿಂಧನೂರಿನಲ್ಲಿ ಸರ್ಕಾರಿ ಗುಮಾಸ್ತರು. ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೊ ಬಿಟ್ಟರೆ ಬೇರೆ ದೇವರಿಲ್ಲ, ಪಂಚಾಂಗವೂ ಇಲ್ಲ. ನನ್ನಲ್ಲಿ ಇದ್ದ ದೊಡ್ಡ ಐಬು ಒಂದೇ. ಒಲ್ಲೆ ಅನ್ನುವುದು ನನಗೆ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ನನ್ನ ಬಾಯಿಂದ ಆಗಲಿ ಎಂದೇ ಬರುತ್ತಿತ್ತು. ಕಾಲೇಜಿನಲ್ಲಿ ನನ್ನ ನೋಟ್ಸು ನನಗೆ ಸಿಗುತ್ತಿದ್ದದ್ದು ಪರೀಕ್ಷೆ ಮುಗಿದ ಮೇಲೆ. ನಗುವ ಮಾತಲ್ಲ ಇದು. ಲ್ಯಾಬಿನಲ್ಲಿ ಕೂತವಳ ಕೆಲಸವೇ ಒಲ್ಲೆ ಅನ್ನುವುದು, ಉಳಿದದ್ದನ್ನೆಲ್ಲ ಯಂತ್ರವೇ ಮಾಡುತ್ತದೆ.

ಸೇರಿದ ಎರಡನೆಯ ವರ್ಷ, ಕೊಯ್ಲಿನ ಕಾಲ. ಚಳಿ ಬಿದ್ದಿತ್ತು. ಮೇಸ್ತ್ರಿ ಮೊಮ್ಮಗುವಿನ ತೊಟ್ಟಿಲು ಕಾರ್ಯಕ್ಕೆ ಲಿಂಗಸುಗೂರಿಗೆ ಹೋಗಿದ್ದರು. ಚಕ್ಕಲಿಯ ಹೊಣೆ ಅವತ್ತು ನನ್ನದು. ಅಚ್ಚು ಮುಟ್ಟಿ ನೋಡಿದರೆ ತಣ್ಣಗಿತ್ತು, ಸ್ವಲ್ಪ ಹಸಿ ಇದ್ದಂತೆಯೂ ಅನ್ನಿಸಿತು. ಒಳ್ಳೆಯ ಬುದ್ಧಿಯಿಂದಲೇ ಅದನ್ನು ಎತ್ತಿಸಿ ಭಟ್ಟಿಯ ಬದಿಗೆ ಇಡಿಸಿದೆ. ಬೆಚ್ಚಗೆ ಒಣಗಲಿ ಅಂತ. ಸುರಿದರೆ ಇಪ್ಪತ್ತೊಂದು ಚುಕ್ಕಿ. ನನ್ನ ಕೈಗುಣಕ್ಕೆ ನಾನೇ ಬೀಗಿದೆ.

ಆದರೆ ಕೊಂಡಿಯ ಅಚ್ಚುಗಳಿಗೆ ಸುರಿಯಲು ಶುರುಮಾಡಿದಾಗ, ಮೊದಲನೆಯದಕ್ಕೇ ಉಕ್ಕು ಸೋಮಾರಿಯಂತೆ ಇಳಿಯಿತು. ಏನೋ ಸರಿಯಿಲ್ಲ ಅನ್ನಿಸಿತು. ನಿಲ್ಲಿಸಿ ಅನ್ನಬೇಕಿತ್ತು. ಪಕ್ಕದಲ್ಲಿ ಸಾವ್ಕಾರರು, ಅವರ ಪಕ್ಕದಲ್ಲಿ ಮಷಿನ್ ನಿಲ್ಲಿಸಿಕೊಂಡು ಕೊಂಡಿಗಾಗಿ ಕಾಯುತ್ತಿದ್ದ ಜವಳಗೇರಾದ ಇಬ್ಬರು. ನಾನು ಬಾಯಿ ತೆರೆದೆ, ಮುಚ್ಚಿದೆ. ಎಲ್ಲ ಅಚ್ಚಿಗೂ ಸುರಿದು ಮುಗಿಸಿದರು.

ಮರುದಿನ ಅಚ್ಚು ಒಡೆದಾಗ ಮೂರರಲ್ಲಿ ಒಂದು ಕೊಂಡಿಗೆ ಮೂಲೆಯೇ ಇರಲಿಲ್ಲ. ಮೇಸ್ತ್ರಿ ಬಂದು, ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ, ಕೆಟ್ಟದ್ದನ್ನೆಲ್ಲ ಬೇರೆ ಗುಡ್ಡೆ ಹಾಕಿಸಿದರು. ಚಕ್ಕಲಿಯ ಅಚ್ಚು ಎಲ್ಲಿಟ್ಟಿದ್ದೆ ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತಿದ್ದೆ. ಅವರು ಕೆಟ್ಟ ಗುಡ್ಡೆಯ ಮೇಲೆಯೇ ಕೂತರು.

"ಅದನ್ನೊಂದ ಭಟ್ಟಿ ಬದಿಗೆ ಬೆಚ್ಚಗ ಕುಂದ್ರಿಸಿದಿ, ಉಳಿದವ್ನೆಲ್ಲಾ ಥಂಡ್ಯಾಗ ಕುಂದ್ರಿಸಿದಿ. ಅದು ಸುಳ್ಳು ಹೇಳದ ಮತ್ತೇನ್ ಹೇಳ್ತದ? ಪರೀಕ್ಷಾದ ಅಚ್ಚಿಗೆ ಬ್ಯಾರೆ ಉಪಚಾರ ಇರಬಾರ್ದು ತಂಗಿ. ಎಲ್ಲಾರ ಪಂಕ್ತಿಯಾಗ ಕುಂದ್ರಬೇಕು."

ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಬೇರೆ ಪಂಕ್ತಿಯಲ್ಲಿ ಕೂತು ಉಂಡವಳು. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು. ಪಂಕ್ತಿ ಎನ್ನುವ ಮಾತನ್ನು ಅವರು ಉಸುಕಿನ ಅಚ್ಚಿಗೆ ಹೇಳಿದ್ದು, ಬೇರೆ ಯಾವ ಅರ್ಥವೂ ಅವರ ಮನಸ್ಸಿನಲ್ಲಿ ಇರಲಿಲ್ಲ. ಆದರೂ ನನಗೆ ಎದೆ ತುಂಬಿ ಬಂತು. ನ್ಯಾಯ ಎನ್ನುವುದು ಇಷ್ಟು ಸುಲಭವಾಗಿ ಹೇಳಬಹುದಾದ ಮಾತು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ಬಿಡಲಿಲ್ಲ ಅವರು. ಸುರಿಯುವಾಗ ನಿನಗೆ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದರು. ಅನ್ನಿಸಿತ್ತು ಅಂದೆ. ಮತ್ತೆ ಯಾಕೆ ಸುಮ್ಮನಿದ್ದೆ ಅಂದರು. ಸಾವ್ಕಾರರು ನಿಂತಿದ್ದರು ಅಂದೆ. ಅವರು ಒಂದು ಮೊಂಡು ಕೊಂಡಿಯನ್ನು ಎತ್ತಿ ನನ್ನ ಕೈಗಿಟ್ಟರು.

"ಅಚ್ಚು ಬೆಚ್ಚಗ ಮಾಡಿದ್ದು ಗೊತ್ತಿಲ್ಲದ ತಪ್ಪು, ಅದು ಹೋಗ್ಲಿ. ಗೊತ್ತಿದ್ದೂ ಸುಮ್ಮ ನಿಂತದ್ದು ಬ್ಯಾರೆ. ನಾ ಇರೋತನಕ ಒಲ್ಲೆ ಅನ್ನಾಕ ನಾ ಅದೀನಿ. ನಾ ಹೋದಮ್ಯಾಲ ಯಾರು ಅಂತಾರ?"

ಆ ವರ್ಷವೇ ಅವರು ಕೆಲಸ ಬಿಡಬೇಕಿತ್ತು. ಬಿಡಲಿಲ್ಲ. ಮುಂದಿನ ವರ್ಷವೂ ಬಿಡಲಿಲ್ಲ. ಮೊಣಕಾಲು ನೋಯುತ್ತಿತ್ತು, ಕಣ್ಣು ಮಂಜಾಗಿತ್ತು, ಮಗ ಮನೆಯಲ್ಲಿರು ಎನ್ನುತ್ತಿದ್ದ. ಭಟ್ಟಿ ಬಿಟ್ಟಿರಲು ಮುದುಕನಿಗೆ ಆಗುವುದಿಲ್ಲ ಎಂದು ಎಲ್ಲರೂ ನಗುತ್ತಿದ್ದರು. ಅವರು ಕಾಯುತ್ತಿದ್ದದ್ದು ನನ್ನ ಬಾಯಿಂದ ಒಂದು ಮಾತು ಹೊರಡಲಿ ಎಂದು. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ, ಮತ್ತು ಗೊತ್ತಿದ್ದದ್ದಕ್ಕೇ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನನಗೆ ಒಲ್ಲೆ ಅನ್ನುವುದನ್ನು ಕಲಿಸಲು ಅವರು ಹೂಡಿದ ಆಟಗಳು ಒಂದೆರಡಲ್ಲ. ನನ್ನ ಮೂರನೆಯ ಲೋಟ ಚಹಾ ಅವರೇ ಹೇಳಿ ತರಿಸುತ್ತಿದ್ದರು, ನಾನು ಬೇಡ ಅನ್ನುತ್ತೇನೋ ನೋಡಲು. ನಾನು ಕುಡಿದುಬಿಡುತ್ತಿದ್ದೆ. ಒಂದು ಭಾನುವಾರ ಸಾಲಗುಂದಕ್ಕೆ ಊಟಕ್ಕೆ ಕರೆದರು. ಅವರ ಮನೆಯಾಕೆ ಹೋಳಿಗೆ ಮಾಡಿದ್ದರು. ಎರಡಾಯಿತು, ಮೂರಾಯಿತು, ನಾಲ್ಕನೆಯದೂ ತಟ್ಟೆಗೆ ಬಿತ್ತು. ನನ್ನ ಮುಖ ಬೆವರಿತ್ತು. ಮೇಸ್ತ್ರಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದರೇ ಹೊರತು ಬಿಡಿಸಲು ಬರಲಿಲ್ಲ. ಐದನೆಯದು ತಿಂದು ಮುಗಿಸಿದಾಗ ಆ ತಾಯಿಯೇ ಕನಿಕರಪಟ್ಟು, ದಾಕ್ಷಿಣ್ಯಕ್ಕೆ ಬಸುರಾದರೆ ಹಡೆಯಲಿಕ್ಕೆ ಜಾಗ ಸಿಗೂದಿಲ್ಲವ್ವಾ ಎನ್ನುವ ಅರ್ಥದಲ್ಲಿ ಏನೋ ಹೇಳಿ ನಕ್ಕರು. ಮೇಸ್ತ್ರಿ ತಲೆ ಅಲ್ಲಾಡಿಸಿದರು. ಸಿಂಧನೂರಿನ ಬಸ್ಸು ಹತ್ತಿಸುವಾಗಲೂ ಅಲ್ಲಾಡಿಸುತ್ತಲೇ ಇದ್ದರು.

ಅದರ ಮರುವರ್ಷ ಮೊಣಕಾಲು ಅವರ ಮಾತು ಕೇಳಲಿಲ್ಲ. ಕೆಲಸ ಬಿಡುವುದೆಂದು ಆಯಿತು. ಸಾವ್ಕಾರರು ಒಳ್ಳೆಯವರು, ಇಂಥ ಮನುಷ್ಯನನ್ನು ಸುಮ್ಮನೆ ಕಳಿಸಬಾರದು ಅಂತ ದೊಡ್ಡ ಕಾರ್ಯಕ್ರಮವನ್ನೇ ಇಟ್ಟರು. ಅಂಗಳದಲ್ಲಿ ಪೆಂಡಾಲು, ಕುರ್ಚಿ, ಶಾಲು, ಹಾರ, ಗೋಡೆ ಗಡಿಯಾರ. ಮೇಸ್ತ್ರಿ ತಮ್ಮ ಕೈಯಾರೆ ಕೊನೆಯ ಸಲ ಉಕ್ಕು ಸುರಿಯಬೇಕು, ಆಮೇಲೆ ಸನ್ಮಾನ. ಶುಕ್ರವಾರವಾದ್ದರಿಂದ ಹತ್ತೂವರೆಗೆ ರಾಹುಕಾಲ ಶುರು. ಅದರೊಳಗೆ ಸುರಿಯುವುದು ಮುಗಿಯಬೇಕು ಎಂದು ಸಾವ್ಕಾರರು ಹಿಂದಿನ ದಿನದಿಂದ ಹತ್ತು ಸಲ ಹೇಳಿದ್ದರು.

ಮೇಸ್ತ್ರಿ ಹೊಸ ಬಿಳಿ ಅಂಗಿ ತೊಟ್ಟು ಬಂದರು. ಇವತ್ತು ತಾನು ಬರೀ ಸುರಿಯುವವನು, ಚಕ್ಕಲಿ ತಂಗಿ ಹಾಕಲಿ ಎಂದು ಹೇಳಿ, ಭಟ್ಟಿಗೆ ಬೆನ್ನು ಮಾಡಿ ಪೆಂಡಾಲಿನಲ್ಲಿ ಕೂತರು.

ಪರೀಕ್ಷೆಯ ಅಚ್ಚನ್ನು ಉಳಿದ ಅಚ್ಚುಗಳ ಸಾಲಿನಲ್ಲೇ ಇಡಿಸಿದ್ದೆ. ಕೋಲು ಅದ್ದಿ ನೋಡಿದೆ, ಉಷ್ಣತೆ ಸರಿಯಾಗಿಯೇ ಇತ್ತು. ಹತ್ತೂಕಾಲಿಗೆ ಚಕ್ಕಲಿ ಹಾಕಿದೆ. ಒಡೆದು ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ. ಹದಿನಾರೇ. ಬೆಳಿಗ್ಗೆ ಪೆಂಡಾಲಿನ ಗಡಿಬಿಡಿಯಲ್ಲಿ ಹುಡುಗರು ತುಕ್ಕು ಹಿಡಿದ ತುಂಡುಗಳನ್ನು ಬೇರೆ ಮಾಡದೆ ಭಟ್ಟಿಗೆ ತುಂಬಿದ್ದರು. ತುಕ್ಕು ಸೇರಿದ ಉಕ್ಕು ಬಿಸಿಯಿದ್ದರೂ ಮಂದ. ಮೇಲೆ ತೇಲುವ ಕಿಟ್ಟ ತೆಗೆದು, ತುಕ್ಕಿನ ದೋಷ ಕಳೆಯುವ ಮದ್ದು ಹಾಕಿ ಹದ ಮಾಡಲು ಕಡಿಮೆಯೆಂದರೂ ಕಾಲು ಗಂಟೆ ಬೇಕು. ಅಂದರೆ ರಾಹುಕಾಲದ ನಡುವೆಯೇ ಸುರಿಯಬೇಕು.

ಸಾವ್ಕಾರರು ಗಡಿಯಾರ ನೋಡುತ್ತಾ ಬಂದರು. ಎಷ್ಟು ಎಂದು ಕೇಳಿದರು. ಹೇಳಿದೆ. ಎರಡೇ ಚುಕ್ಕಿಯಲ್ಲವೇ, ಇವತ್ತೊಂದು ದಿನ ನಡೆಯುತ್ತದೆ ಬಿಡಿ ಅಂದರು. ಜವಳಗೇರಾದ ಮಷಿನ್ನಿನವರು ಅವತ್ತೂ ಬಂದಿದ್ದರು, ಅತಿಥಿಗಳಾಗಿ. ನನ್ನ ತಲೆಯಲ್ಲಿ ಓಡಿದ್ದು ಇನ್ನೊಂದು. ನಮ್ಮ ಮನೆಯವರು ರಾಹುಕಾಲ ನೋಡುವವರಲ್ಲ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಈಗ ನಿಲ್ಲಿಸಿದರೆ, ಬೇಕಂತಲೇ ಮಾಡಿದಳು ಎನ್ನುತ್ತಾರೆ. ಆಗಲಿ ಎನ್ನುವ ಮಾತು ಗಂಟಲವರೆಗೆ ಬಂದಿತ್ತು. ಎದುರಿಗೆ ಪೆಂಡಾಲಿನಲ್ಲಿ ಆ ಬಿಳಿ ಅಂಗಿಯ ಬೆನ್ನು ಕಾಣುತ್ತಿತ್ತು. ಅದು ತಿರುಗಲಿಲ್ಲ. ತಿರುಗಿ ನೋಡಿದ್ದರೆ ನಾನು ಸುಮ್ಮನಾಗಿ ಅವರ ಮೇಲೆ ಹಾಕಿಬಿಡುತ್ತಿದ್ದೆ.

"ಒಲ್ಲೆ ಸರ್," ಅಂದೆ. ದನಿ ನನ್ನದೇ ಅನ್ನಿಸಲಿಲ್ಲ. "ಹದಿನಾರಕ್ಕ ಸುರ್ಯಾಕ ನಾ ಒಲ್ಲೆ."

ಸಾವ್ಕಾರರು ಇಷ್ಟು ವರ್ಷ ನನ್ನ ಬಾಯಿಂದ ಆಗಲಿ ಎಂದೇ ಕೇಳಿದವರು. ಪೆಂಡಾಲಿನ ಕಡೆ ತಿರುಗಿ, ಮೇಸ್ತ್ರಿ ನೀವಾದರೂ ಸ್ವಲ್ಪ ಹೇಳಿ ಎಂದು ಕೂಗಿದರು. ಬಿಳಿ ಅಂಗಿ ಆಗ ನಿಧಾನವಾಗಿ ತಿರುಗಿತು.

"ನಂದು ನಿನ್ನಿಗೇ ಮುಗೀತ್ರಿ ಸಾವ್ಕಾರ್ರ. ಆಕಿ ಒಲ್ಲೆ ಅಂದಮ್ಯಾಲ ಹೂಂ ಅನ್ನಾಕ ನಾ ಯಾರ್ರಿ?"

ಹುಬ್ಬಿಲ್ಲದ ಆ ಮುಖ ನಗುತ್ತಿತ್ತು. ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು. ನನಗೆ ಅಳು ಬಂತು, ಅಳುತ್ತಲೇ ಹುಡುಗರಿಗೆ ಕಿಟ್ಟ ತೆಗೆಯಲು ಹೇಳಿದೆ.

ಎರಡನೆಯ ಚಕ್ಕಲಿಗೆ ಹತ್ತೊಂಬತ್ತು ಬಂತು. ಹನ್ನೊಂದು ಗಂಟೆಗೆ, ರಾಹುಕಾಲ ನಡೆಯುತ್ತಿರುವಾಗಲೇ, ಮೇಸ್ತ್ರಿ ತಮ್ಮ ಕೊನೆಯ ಉಕ್ಕು ಸುರಿದರು. ಸಾವ್ಕಾರರು ಎಲ್ಲಿಂದಲೋ ಒಂದು ನಿಂಬೆಹಣ್ಣು ತರಿಸಿ ಕೊನೆಯವರೆಗೂ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು. ಮರುದಿನ ಒಡೆದು ನೋಡಿದರೆ ಒಂದು ಕೊಂಡಿಯೂ ಕೆಟ್ಟಿರಲಿಲ್ಲ. ಅದು ನಿಂಬೆಹಣ್ಣಿನ ಪುಣ್ಯ ಎಂದು ಸಾವ್ಕಾರರು ಈಗಲೂ ಹೇಳುತ್ತಾರೆ. ಇರಲಿ, ಅದಕ್ಕೆ ನಾನೇನೂ ಒಲ್ಲೆ ಅನ್ನುವುದಿಲ್ಲ.

ಕಾದು ಕಾದು ಹಾರದ ಹೂವು ಬಾಡಿತ್ತು. ಸನ್ಮಾನವಾದ ಮೇಲೆ ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಅವರು ಅದನ್ನು ಸೌಟು ಹಿಡಿದ ಹಾಗೆ ದೂರ ಹಿಡಿದು, ಮೂರು ವರ್ಷದಿಂದ ರಜೆ ಕೇಳುತ್ತಿದ್ದೆ, ಇವತ್ತು ಮಂಜೂರಾಯಿತು ಎಂದಷ್ಟೇ ಹೇಳಿ ಕೂತರು. ರಜೆ ಕೊಡಬೇಕಾದವರು ಸಾವ್ಕಾರರು ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಗುವಾಗ ಶಾಲು ಹೊದ್ದಿದ್ದರು, ಗಡಿಯಾರ ಮಾತ್ರ ಮರೆತು ಹೋಗಿದ್ದರು. ಎಲ್ಲರ ಗಲಾಟೆಯಲ್ಲಿ ನಾನು ಇನ್ನೊಂದನ್ನು ಮರೆತಿದ್ದೆ. ಹದಿನಾರರ ಆ ಚಕ್ಕಲಿಯನ್ನು ಭಟ್ಟಿಗೆ ಹಾಕಬೇಕಿತ್ತು. ಸಂಜೆ ಹುಡುಕಿದರೆ ಎಲ್ಲೂ ಇರಲಿಲ್ಲ.

ಕಳೆದ ತಿಂಗಳು ಆ ಗಡಿಯಾರವನ್ನು ತೆಗೆದುಕೊಂಡು ಸಾಲಗುಂದಕ್ಕೆ ಹೋಗಿದ್ದೆ. ಬಿಸಿಲಿಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಭಟ್ಟಿ ಬಿಟ್ಟು ವರ್ಷವಾದದ್ದಕ್ಕೋ ಏನೋ, ಹುಬ್ಬಿನ ಜಾಗದಲ್ಲಿ ನಾಲ್ಕಾರು ಬಿಳಿ ಕೂದಲು ಚಿಗುರಿದ್ದವು. ಅದನ್ನು ಮುಟ್ಟಿ ಮುಟ್ಟಿ ತೋರಿಸಿದರು. ಊಟಕ್ಕೆ ಹೋಳಿಗೆಯೇ. ಮೂರನೆಯದಕ್ಕೆ ಒಲ್ಲೆ ಅಂದೆ. ಮನೆಯಾಕೆ ಬೆರಗಾಗಿ ಗಂಡನ ಮುಖ ನೋಡಿದರು, ಆಮೇಲೆ ಅದನ್ನು ತಟ್ಟೆಗೆ ಹಾಕಿಯೇ ಹಾಕಿದರು.

ಗಡಿಯಾರ ಹಾಕಲು ಪಡಸಾಲೆಯಲ್ಲಿ ಮೊಳೆ ಹುಡುಕಿದೆ. ಇದ್ದದ್ದು ಒಂದೇ ಮೊಳೆ, ಬಾಗಿಲ ಪಕ್ಕದಲ್ಲಿ. ಅದರ ಮೇಲೆ ಹದಿನಾರು ಚುಕ್ಕಿಯ ಚಕ್ಕಲಿ ತೂಗುತ್ತಿತ್ತು. ದಿನಾ ಒರೆಸಿ ಒರೆಸಿ ಮಿರುಗುತ್ತಿತ್ತು. ಹೊರಗೆ ಹೋಗಬಾರದು ಎಂದು ಸಾವ್ಕಾರರ ಬೀರುವಿಗೂ ಕೊಡದವರು ಇವರೇ. ನಾನು ಅವರನ್ನು ನೋಡಿದೆ. ಅವರು ಸಿಕ್ಕಿಬಿದ್ದವರಂತೆ ಬೇರೆ ಕಡೆ ನೋಡಿದರು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಒಳಗೆ ಬಂದು, ಗಡಿಯಾರ ಚೆನ್ನಾಗಿದೆ, ಆ ತಂತಿ ತೆಗೆದು ಇದನ್ನು ಹಾಕು ಎಂದ. ಮೇಸ್ತ್ರಿ ಎದ್ದು ಹೋಗಿ ಚಕ್ಕಲಿಯ ಮೇಲೆ ಕೈಯಿಟ್ಟರು.

"ಗಡಿಯಾರಕ್ಕ ಬ್ಯಾರೆ ಮೊಳಿ ಬಡಿಯೂಣು. ಇದನ್ನ ತೆಗ್ಯಾಂಗಿಲ್ಲ. ಇದು ನಮ್ಮ ತಂಗಿ ಒಲ್ಲೆ ಅಂದದ್ದು."